ಹೀರೋ ಹಿಂದೆ ನಿಂತವರು

(ಉಡುಪಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಆಡಿದ ಹಾಗೆಯೇ ಉಂಟು.)

ನನಗೆ ಸಿನಿಮಾದ ಬಗ್ಗೆ ತುಂಬ ಗೊತ್ತುಂಟು ಅಂತ ನಿಮ್ಮಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಅದು ಸುಳ್ಳು. ಕಲ್ಸಂಕದ ಹತ್ತಿರ ನನ್ನದೊಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ, ಅಷ್ಟೇ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಎಂಟರವರೆಗೆ ಕೌಂಟರಿನ ಹಿಂದೆ ನಿಂತಿರುತ್ತೇನೆ. ಭಾನುವಾರ ಮಧ್ಯಾಹ್ನದ ಮೇಲೆ ರಜೆ, ಆ ಹೊತ್ತಿನಲ್ಲಿ ನೋಡಿದ ಸಿನಿಮಾಗಳೇ ನನ್ನ ಬಂಡವಾಳ. ಲೆನ್ಸು, ಲೈಟಿಂಗು ಎಲ್ಲ ನನ್ನ ತಲೆಗೆ ಹೋಗುವುದಿಲ್ಲ. ಟಿಕೆಟ್ ತೆಗೆದು ಕೂರುವವನು, ಬೋರ್ ಆದರೆ ಇಂಟರ್ವಲ್ಲಿನಲ್ಲಿ ಎದ್ದು ಬರುವವನು.

ಆದರೆ ನಟನೆ ನೋಡುವುದರಲ್ಲಿ ಮಾತ್ರ ನನಗೆ 28 ವರ್ಷದ ಸರ್ವಿಸ್ ಆಯಿತು. ನಗಬೇಡಿ. ಕಡ ಕೇಳುವವರನ್ನು ದಿನಾ ನೋಡುತ್ತೇನೆ ನಾನು. ಒಬ್ಬ ಬರುತ್ತಾನೆ, ಕ್ಲಚ್ ಪ್ಲೇಟ್ ಬೇಕು. ಮೊದಲು ಮಳೆಯ ಬಗ್ಗೆ ಮಾತು. ಆಮೇಲೆ ನನ್ನ ಮಗನ ಓದಿನ ಬಗ್ಗೆ. ಸಾಮಾನು ಕಟ್ಟಿ ಬಿಲ್ ಬರೆದಾಯಿತು ಎಂದಾಗ ಹಿಂದಿನ ಕಿಸೆಗೆ ಕೈ ಹಾಕಿ ಪರ್ಸ್ ತೆಗೆಯುತ್ತಾನೆ, ಬಿಡಿಸುತ್ತಾನೆ, 'ಅಯ್ಯೋ' ಎನ್ನುತ್ತಾನೆ. ದುಡ್ಡು ತರಲು ಮರೆತನಂತೆ. ಗಮ್ಮತ್ತು ಎಲ್ಲಿ ಗೊತ್ತಾ? ಆ 'ಅಯ್ಯೋ' ಅರ್ಧ ಸೆಕೆಂಡ್ ಬೇಗ ಬಂದಿರುತ್ತದೆ. ಪರ್ಸ್ ಇನ್ನೂ ಪೂರ್ತಿ ಬಿಡಿಸಿಯೇ ಇಲ್ಲ, ಒಳಗೆ ಎಂತ ಉಂಟು ಎಂತ ಇಲ್ಲ ಅಂತ ಕಣ್ಣಿಗೆ ಬಿದ್ದೇ ಇಲ್ಲ, ಅಷ್ಟರಲ್ಲೇ ಅಯ್ಯೋ. ನಿಜವಾಗಿ ಮರೆತು ಬಂದವನು ಸುಮ್ನೆ ಪರ್ಸಿನೊಳಗೆ ನೋಡುತ್ತ ನಿಲ್ಲುತ್ತಾನೆ. ಅವನ ಬಾಯಿಂದ ಮಾತೇ ಹೊರಡುವುದಿಲ್ಲ. ಅಂಥವನಿಗೆ ನಾನು ಕಡ ಕೊಡುತ್ತೇನೆ.

ಸಿನಿಮಾ ನೋಡುವಾಗಲೂ ನನ್ನ ಹತ್ತಿರ ಇರುವ ಅಳತೆಗೋಲು ಇದೊಂದೇ. ಅಯ್ಯೋ ಬೇಗ ಬಂತಾ, ಸರಿಯಾದ ಹೊತ್ತಿಗೆ ಬಂತಾ. ಇವತ್ತು ಹೇಳುವುದೆಲ್ಲ ಇದನ್ನೇ, ಸ್ವಲ್ಪ ಸುತ್ತಿ ಬಳಸಿ. ನಮ್ಮ ಕರಾವಳಿಯ ಸಿನಿಮಾಗಳನ್ನು ಮಾತ್ರ ತಗೊಂಡಿದ್ದೇನೆ, ಬೇರೆ ಕಡೆಯವರ ಅಯ್ಯೋ ನನಗೆ ಅಷ್ಟು ಸರಿಯಾಗಿ ಗೊತ್ತಾಗುವುದಿಲ್ಲ.

ಮೊದಲು 'ಚೋಮನ ದುಡಿ'. 1975ರದ್ದು. ನಾನು ನೋಡಿದ್ದು ಎಷ್ಟೋ ವರ್ಷ ಬಿಟ್ಟು, ದೂರದರ್ಶನದಲ್ಲಿ. ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಸಿನಿಮಾ ಹಾಕುತ್ತಿದ್ದರಲ್ಲ, ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳ, ನಮ್ಮ ಸರದಿ ಬರುವುದು ಅಪರೂಪ. ಪಕ್ಕದ ಮನೆಯಲ್ಲಿ ಮಾತ್ರ ಟಿವಿ. ಊಟ ಮಾಡಿ ಹೋಗಿ ಚಾಪೆ ಮೇಲೆ ಕೂತದ್ದು. ಶಿವರಾಮ ಕಾರಂತರ ಕಾದಂಬರಿ, ನಿರ್ದೇಶನ ನಮ್ಮ ಬಂಟ್ವಾಳ ಕಡೆಯ ಬಿ.ವಿ. ಕಾರಂತರು. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ, ಫೈಟಿಂಗ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕಾಯುತ್ತಿದ್ದೆ. ಬರಲೇ ಇಲ್ಲ. ಆದರೂ ಎದ್ದು ಹೋಗಲಿಲ್ಲ.

ಚೋಮನಾಗಿ ವಾಸುದೇವ ರಾಯರು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು ಅವರಿಗೆ. ಚೋಮನಿಗೆ ಬೇಕಾದದ್ದು ಉಳಲು ಒಂದು ತುಂಡು ನೆಲ. ಎತ್ತು ಉಂಟು, ನೆಲ ಇಲ್ಲ, ಕೊಡುವವರೂ ಇಲ್ಲ, ಅವನ ಜಾತಿಗೆ ಅದು ಸಲ್ಲುವುದಿಲ್ಲ ಎನ್ನುತ್ತದೆ ಊರು. ಧಣಿಯ ಎದುರು ನಿಂತಾಗ ಅವರ ಮೈ ಹೇಗಾಗುತ್ತದೆ ನೋಡಿ. ಕೇಳುವ ಮೊದಲೇ ಉತ್ತರ ಗೊತ್ತಿದ್ದವನ ಮೈ ಅದು. ಆದರೂ ಕೇಳುತ್ತಾನೆ. ಮನೆಗೆ ಬಂದವನೇ ದುಡಿ ತಗೊಂಡು ಬಾರಿಸುತ್ತಾನೆ. ಸಿಟ್ಟು ಬಂದರೂ ದುಡಿ, ದುಃಖಕ್ಕೂ ದುಡಿ, ಕೊನೆಗೆ ಜೀವ ಬಿಡುವುದೂ ಅದನ್ನು ಬಾರಿಸುತ್ತಲೇ. ನಾನು ಅವತ್ತು ಮನೆಗೆ ಬಂದು ಅಮ್ಮನ ಹಾಲಿನ ಡಬ್ಬಿ ಕವುಚಿ ಹಾಕಿ ಬಾರಿಸಿದೆ. ಪೆಟ್ಟು ಸಿಕ್ಕಿತು.

ಇದರಲ್ಲಿ ಅಯ್ಯೋ ಒಂದೂ ಬೇಗ ಬಂದದ್ದಿಲ್ಲ. ಕೆಲವು ಬರುವುದೇ ಇಲ್ಲ. ಮಗ ನೀರಿಗೆ ಬಿದ್ದಾಗ ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿದ್ದವರು ಯಾರೂ ಇಳಿಯುವುದಿಲ್ಲ, ಆ ಭಾಗ ನನಗೆ ಇವತ್ತಿಗೂ ಎರಡನೇ ಸಲ ನೋಡಲು ಆಗುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಬೈಯಬೇಡಿ. ನಮ್ಮ ಕಡೆಯ ಜನ ನಟನೆ ನೋಡಲು ಕಲಿತದ್ದು ಸಿನಿಮಾದಿಂದ ಅಲ್ವಲ್ಲ. ಯಕ್ಷಗಾನದ ಆಟದಿಂದ. ನನ್ನ ಅಜ್ಜಿಗೆ ಓದು ಬರಹ ಇರಲಿಲ್ಲ, ಆದರೆ ಗದ್ದೆಯಲ್ಲಿ ರಾತ್ರಿ ಇಡೀ ಯಕ್ಷಗಾನ ನೋಡಿ ಬೆಳಿಗ್ಗೆ ದೋಸೆ ಹೊಯ್ಯುತ್ತ ಒಂದೊಂದು ವೇಷದ ಲೆಕ್ಕ ಹೇಳುತ್ತಿದ್ದರು. ಕುಣಿತ ಲಾಯ್ಕ್, ಅರ್ಥ, ಅಂದರೆ ಮಾತುಗಾರಿಕೆ, ಸಪ್ಪೆ. ಇವನಿಗೆ ಗತ್ತುಂಟು, ಆದರೆ ಭಾಗವತರ ಪದ ಮುಗಿಯುವ ಮೊದಲೇ ಬಾಯಿ ತೆರೆಯುತ್ತಾನೆ. ನೋಡಿ, ಅಜ್ಜಿಗೂ ಅದೇ ಅಳತೆಗೋಲು! ಇನ್ನೊಂದು ಅವರು ಹೇಳುತ್ತಿದ್ದದ್ದು ಒಡ್ಡೋಲಗದ ಬಗ್ಗೆ. ರಾಜ ಮಾತಾಡುವಾಗ ರಾಜನನ್ನು ಎಲ್ಲರೂ ನೋಡುತ್ತಾರೆ, ನೀನು ಆಚೆ ಈಚೆ ಕೂತವರನ್ನು ನೋಡು, ಅವರಿಗೆ ನಿದ್ದೆ ಬರುತ್ತಿದ್ದರೆ ರಾಜ ಎಷ್ಟು ಬೊಬ್ಬೆ ಹೊಡೆದರೂ ಅಷ್ಟೇ ಎನ್ನುತ್ತಿದ್ದರು. ಆ ಅಭ್ಯಾಸ ನನಗೆ ಅಂಟಿಬಿಟ್ಟಿತು. ಈಗಲೂ ಥಿಯೇಟರಿನಲ್ಲಿ ಹೀರೋ ಡೈಲಾಗ್ ಹೊಡೆಯುವಾಗ ನನ್ನ ಕಣ್ಣು ಅವನ ಹೆಗಲಿನ ಆಚೆಗೆ ಹೋಗುತ್ತದೆ.

ಸರಿ, ಸಿನಿಮಾಕ್ಕೆ ಬರೋಣ. ನಾವು ಸಣ್ಣವರಿರುವಾಗ ಕನ್ನಡ ಸಿನಿಮಾದಲ್ಲಿ ನಮ್ಮ ಕಡೆಯವನು ಬಂದ ಅಂದರೆ ಹೋಟೆಲ್ ಭಟ್ರು ಅಂತಲೇ ಅರ್ಥ. ಹೆಗಲ ಮೇಲೆ ಬೈರಾಸು, ಬಾಯಲ್ಲಿ 'ಎಂಥದು ಮಾರಾಯ್ರೆ'. ಜನ ನಗಬೇಕು, ಅದಕ್ಕೇ ಅವನನ್ನು ಕರೆದದ್ದು. ನಮ್ಮಲ್ಲಿ ಎಷ್ಟು ನಮೂನೆ ಕನ್ನಡ ಉಂಟು ಅಂತ ಅವರಿಗೆ ಗೊತ್ತಿರಲಿಲ್ಲ. ಕುಂದಾಪ್ರ ಕನ್ನಡ ಬೇರೆ, ಹವ್ಯಕರದ್ದು ಬೇರೆ, ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ಮಂಗಳೂರಿನವರ ಪುಸ್ತಕದ ಕನ್ನಡ ಬೇರೆ. ಎಲ್ಲಕ್ಕೂ ಒಂದೇ ಮಾರಾಯ್ರೆ ಅಂಟಿಸಿ ಕಳಿಸುತ್ತಿದ್ದರು.

ಅದಕ್ಕೇ 2014ರಲ್ಲಿ 'ಉಳಿದವರು ಕಂಡಂತೆ' ನೋಡಿದಾಗ ನನಗೆ ಕಥೆ ಅರ್ಥ ಆಗದಿದ್ದರೂ ಖುಷಿ ಆಯಿತು. ಹೌದು, ಮೊದಲ ಸಲ ಕಥೆ ಅರ್ಥ ಆಗಲಿಲ್ಲ ನನಗೆ, ಒಬ್ಬನ ಕಥೆಯನ್ನು ನಾಲ್ಕೈದು ಜನ ಹೇಳುವುದು, ಹಿಂದೆ ಮುಂದೆ ಹೋಗುವುದು. ಥಿಯೇಟರಿನಲ್ಲಿ ಅರ್ಧ ಸೀಟು ಖಾಲಿ ಇತ್ತು. ಈಗ ಎಲ್ಲರೂ ಫಸ್ಟ್ ಡೇ ಫಸ್ಟ್ ಶೋ ನೋಡಿದೆ ಎನ್ನುತ್ತಾರೆ, ಹಾಗಾದರೆ ಆ ಸೀಟು ಖಾಲಿ ಹೇಗೆ ಇತ್ತು ಅಂತ ನನಗೆ ಡೌಟು. ಆದರೆ ಮಲ್ಪೆಯನ್ನು ಮಲ್ಪೆಯ ಹಾಗೆ ತೋರಿಸಿದ್ದರು. ಮೀನಿನ ವಾಸನೆ ಬರುವುದೊಂದು ಬಾಕಿ. ಅಷ್ಟಮಿ, ಹುಲಿವೇಷ, ತಾಸೆ ವಾದ್ಯದ ಪೆಟ್ಟು, ಎಲ್ಲ ಉಂಟು.

ರಿಚ್ಚಿಯಾಗಿ ರಕ್ಷಿತ್ ಶೆಟ್ಟಿ. ಜನಕ್ಕೆ ಆ ಪಾತ್ರ ಭಾರಿ ಇಷ್ಟ. ಕಾಲೇಜು ಹುಡುಗರು ಅಂಗಡಿಗೆ ಬಂದು ಅದೇ ಧಾಟಿಯಲ್ಲಿ ಚೈನ್ ಲ್ಯೂಬ್ ಕೇಳುತ್ತಿದ್ದರು. ನನಗೆ ಏನನಿಸಿತು ಅಂದರೆ, ರಿಚ್ಚಿಗೆ ತನ್ನನ್ನು ಎಲ್ಲರೂ ನೋಡುತ್ತಿದ್ದಾರೆ ಅಂತ ಗೊತ್ತುಂಟು. ಪಾತ್ರವೇ ಹಾಗೆ ಇರಬಹುದು, ತೋರಿಸಿಕೊಳ್ಳುವವನೇ ಅವನು, ಆ ಲೆಕ್ಕದಲ್ಲಿ ಸರಿ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬಾಲು ಆಗಿ ಅಚ್ಯುತ್ ಕುಮಾರ್, ಮುನ್ನ ಆಗಿ ಕಿಶೋರ್, ರತ್ನಕ್ಕನಾಗಿ ತಾರಾ. ಮೂವರೂ ನಮ್ಮ ಕಡೆಯವರಲ್ಲ. ಅಚ್ಯುತ್ ತಿಪಟೂರಿನವರು, ಕಿಶೋರ್ ಚನ್ನಪಟ್ಟಣದ ಕಡೆಯವರು. ನಮ್ಮ ಮಾತಿನ ಎಳೆತ ಅವರಿಗೆ ನೂರಕ್ಕೆ ನೂರು ಬಂದಿಲ್ಲ, ಕೇಳಿದರೆ ಗೊತ್ತಾಗುತ್ತದೆ. ಆದರೆ ನಿಲ್ಲುವುದು ಬಂದಿದೆ. ಕಿಶೋರ್ ಆ ಸಿನಿಮಾದಲ್ಲಿ ಇಷ್ಟಪಟ್ಟ ಹೆಣ್ಣಿನ ಎದುರು ಬಾಯಿ ಬಿಡಲಾಗದ ಗಂಡಸು. ಅಷ್ಟು ಎತ್ತರದ ಆಸಾಮಿ, ಬೇರೆ ಸಿನಿಮಾದಲ್ಲಿ ಹತ್ತು ಜನರನ್ನು ಹೊಡೆದು ಹಾಕುವವನು, ಇಲ್ಲಿ ಮಾತು ಗಂಟಲಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಪರ್ಸಿನೊಳಗೆ ಸುಮ್ನೆ ನೋಡುತ್ತ ನಿಂತವನು ಅಂದೆನಲ್ಲ, ಅದು ಇದೇ. ಕಡ ಕೊಡಬಹುದು.

ತಾರಾ ಬಗ್ಗೆ ಒಂದೇ ಮಾತು. ಮಗ ಬಂದ ಅಂತ ಖುಷಿ, ಅದನ್ನು ಊರಿಗೆ ತೋರಿಸುವ ಹಾಗಿಲ್ಲ. ಖುಷಿಯನ್ನು ಬಚ್ಚಿಡುವುದು ದುಃಖ ಬಚ್ಚಿಡುವುದಕ್ಕಿಂತ ಕಷ್ಟ, ನನ್ನ ಲೆಕ್ಕದಲ್ಲಿ.

ಈಗ ತುಳು ಸಿನಿಮಾ. ಇಲ್ಲಿ ನನ್ನ ಮೇಲೆ ಯಾರಾದರೂ ಚಪ್ಪಲಿ ಎಸೆಯಬಹುದು, ಆದರೂ ಹೇಳುತ್ತೇನೆ. 'ಒರಿಯರ್ದೊರಿ ಅಸಲ್', 'ಚಾಲಿಪೋಲಿಲು', ಈ ಕಾಲದ ಸಿನಿಮಾಗಳನ್ನೆಲ್ಲ ನಾನು ಮಂಗಳೂರಿನ ಜ್ಯೋತಿಯಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನು. ಟಾಕೀಸ್ ಹೋಯಿತು, ಸರ್ಕಲ್ಲಿಗೆ ಬೇರೆ ಹೆಸರೂ ಬಂತು, ಬಸ್ಸಿನ ಕಂಡಕ್ಟರ್ ಮಾತ್ರ ಇವತ್ತಿಗೂ 'ಜ್ಯೋತಿ ಜ್ಯೋತಿ' ಅಂತಲೇ ಕೂಗುತ್ತಾನೆ. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು, ಇವರೆಲ್ಲ ತುಳು ನಾಟಕದ ಸ್ಟೇಜಿನಲ್ಲಿ ಪಳಗಿದವರು. ಸಾವಿರ ಜನರ ಎದುರು ಮೈಕಿನಲ್ಲಿ ಕುಶಾಲು ಹೇಳಿ ಗೊತ್ತಿದ್ದವರು. ಸ್ಟೇಜಿನಲ್ಲಿ ಒಂದು ಕ್ರಮ ಉಂಟು. ಮಾತು ಹೇಳಿದ ಮೇಲೆ ನಗುವಿಗೆ ಜಾಗ ಬಿಡಬೇಕು. ಇಲ್ಲದಿದ್ದರೆ ಮುಂದಿನ ಮಾತು ನಗುವಿನಲ್ಲಿ ಮುಳುಗುತ್ತದೆ. ಆ ಲೆಕ್ಕ ಇವರ ರಕ್ತದಲ್ಲಿ ಉಂಟು. ಜ್ಯೋತಿಯಲ್ಲಿ ಹೌಸ್‌ಫುಲ್ ಇರುವಾಗ ಆ ಜಾಗ ಸರಿಯಾಗಿ ತುಂಬುತ್ತಿತ್ತು. ಅವರು ನಿಲ್ಲಿಸಿದಲ್ಲಿ ನಾವು ನಗುವುದು, ನಾವು ನಿಲ್ಲಿಸಿದಲ್ಲಿ ಅವರು ಶುರು ಮಾಡುವುದು.

ಮೊನ್ನೆ ಮನೆಯಲ್ಲಿ ಮೊಬೈಲಿನಲ್ಲಿ ಅದೇ ನಮೂನೆಯ ಒಂದು ಹಳೇ ಸಿನಿಮಾ ಹಾಕಿದೆ. ನಾನೊಬ್ಬನೇ. ಹೆಂಡತಿ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಅದೇ ಕುಶಾಲು, ಅದೇ ಮುಖ. ಆದರೆ ಮಾತು ಆದ ಮೇಲೆ ಆ ಖಾಲಿ ಜಾಗ ಬಂತು ನೋಡಿ, ಎರಡು ಸೆಕೆಂಡ್ ಸ್ಕ್ರೀನಿನಲ್ಲಿ ಯಾರೂ ಏನೂ ಮಾಡುತ್ತಿಲ್ಲ, ನಗುವಿಗೆ ಕಾಯುತ್ತಿದ್ದಾರೆ, ನಗಲು ಜನ ಇಲ್ಲ. ತುರಿಮಣೆಯ ಸದ್ದು ಮಾತ್ರ. ನನಗೆ ಒಂಥರಾ ಆಯಿತು. ಅವರದ್ದು ತಪ್ಪು ಅಂತ ಹೇಗೆ ಹೇಳುವುದು, ಅವರು ನಮ್ಮನ್ನು ನಂಬಿ ನಿಂತದ್ದು. ನಾವು ಎದ್ದು ಹೋದೆವು.

ಈ ಸ್ಟೇಜಿನಿಂದಲೇ ಬಂದು, ಹಾಗೆ ಕಾಯುವುದನ್ನು ಬಿಟ್ಟ ಒಬ್ಬರನ್ನು ನಾನು ಎಷ್ಟೋ ವರ್ಷದಿಂದ ಹಿಂಬಾಲಿಸುತ್ತಿದ್ದೇನೆ. ಪ್ರಕಾಶ್ ತೂಮಿನಾಡು. ಮೊದಲು ನೋಡಿದ್ದು 2017ರಲ್ಲಿ, 'ಒಂದು ಮೊಟ್ಟೆಯ ಕಥೆ'. ರಾಜ್ ಬಿ. ಶೆಟ್ಟಿ ಅದರಲ್ಲಿ ಮದುವೆಗೆ ಹೆಣ್ಣು ಸಿಗದ ಬೋಳುತಲೆಯ ಕನ್ನಡ ಲೆಕ್ಚರರ್. ರಾಜ್ ಕಥೆ ಬರೆದು ನಿರ್ದೇಶನವನ್ನೂ ಮಾಡಿದ್ದರು, ಒಳ್ಳೇ ಸಿನಿಮಾ, ನನಗೂ ಮುಂದಿನ ಕೂದಲು ಹೋದ ಕಾರಣ ಜಾಸ್ತಿಯೇ ಇಷ್ಟ ಆಯಿತು. ಕಾಲೇಜಿನ ಪ್ಯೂನ್ ಆಗಿ ಇವರು. ಲೆಕ್ಚರರಿಗೆ ಹೆಣ್ಣು ಹುಡುಕಲು ಸಹಾಯ ಮಾಡುವ ಪ್ಯೂನ್. ಕುಶಾಲು ಹೇಳುತ್ತಿದ್ದೇನೆ ಅಂತ ಈ ಮನುಷ್ಯನಿಗೆ ಗೊತ್ತೇ ಇಲ್ಲವೇನೋ ಎನ್ನುವ ಹಾಗೆ ಮಾತಾಡುತ್ತಾರೆ. ಹೇಳಿ ಮುಂದೆ ಹೋಗುತ್ತಾರೆ. ನಗುವುದಿದ್ದರೆ ನಗಿ, ನನಗೆ ಬೇರೆ ಕೆಲಸ ಉಂಟು ಎನ್ನುವ ನಮೂನೆ.

ಮರುವರ್ಷ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು'. ಅದರಲ್ಲಿ ಭುಜಂಗ. ಆ ಸಿನಿಮಾದಲ್ಲಿ ಅನಂತ್‌ನಾಗ್ ಇದ್ದಾರೆ. ಅವರು ಬಂದರೆ ಉಳಿದವರು ಮಸುಕಾಗುವುದು ಲೋಕರೂಢಿ. ಕೋರ್ಟಿನಲ್ಲಿ ಅವರ ಮಾತು ಬರುವಾಗ ಥಿಯೇಟರಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಆಮೇಲೆ ಮನೆಗೆ ಬರುವಾಗ ಅನಿಸಿತು, ಕಾಸರಗೋಡಿನ ಕನ್ನಡ ಶಾಲೆಯ ಸಂಕಟ ಆ ಭಾಷಣದಲ್ಲಿ ಇದ್ದದ್ದಕ್ಕಿಂತ ಮಕ್ಕಳ ಮುಖದಲ್ಲಿ ಜಾಸ್ತಿ ಇತ್ತು ಅಂತ. ಮತ್ತೆ ಭುಜಂಗನ ಪೆದ್ದುತನದಲ್ಲಿ. ಊರಿನ ಶಾಲೆ ಉಳಿಸಲು ಹೊರಟವರಲ್ಲಿ ಇಂಥ ಒಬ್ಬ ಇದ್ದೇ ಇರುತ್ತಾನೆ ನೋಡಿ, ಕಾನೂನು ಗೊತ್ತಿಲ್ಲ, ಎದುರು ಮಾತಾಡಲು ಬರುವುದಿಲ್ಲ, ಆದರೆ ಕರೆದಲ್ಲಿಗೆ ಬರುತ್ತಾನೆ.

'ಗರುಡ ಗಮನ ವೃಷಭ ವಾಹನ' ನೋಡಿದ್ದು 2021ರಲ್ಲಿ, ಕೊರೋನಾ ಇಳಿದ ಮೇಲೆ ಹೊಸದಾಗಿ ಥಿಯೇಟರಿಗೆ ಹೋಗಲು ಶುರು ಮಾಡಿದ ಕಾಲ. ಮಲ್ಟಿಪ್ಲೆಕ್ಸಿಗೆ ಹೋಗಿದ್ದೆ, ಎರಡು ಪಾಪ್‌ಕಾರ್ನ್ ಮತ್ತು ಒಂದು ನೀರಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಬ್ಯಾಟರಿಗೆ ಅಡ್ವಾನ್ಸ್ ಕೊಡಬಹುದಿತ್ತು. ಇರಲಿ. ಮಂಗಳಾದೇವಿಯ ಇಬ್ಬರು, ಹರಿ ಮತ್ತು ಶಿವ. ರಿಷಬ್ ಶೆಟ್ಟಿ ಹರಿ, ರಾಜ್ ಬಿ. ಶೆಟ್ಟಿ ಶಿವ. ಮೊಟ್ಟೆಯ ಲೆಕ್ಚರರ್ ಇವನೇನಾ ಅಂತ ನನ್ನ ಹೆಂಡತಿ ಇಂಟರ್ವಲ್ಲಿನವರೆಗೆ ನಂಬಲಿಲ್ಲ. ಕೊಲೆ ಮಾಡಿ ಆದ ಮೇಲೆ ಹುಲಿವೇಷದ ಹೆಜ್ಜೆ ಹಾಕುತ್ತಾನಲ್ಲ ಶಿವ, ಅದರ ಬಗ್ಗೆ ಎಲ್ಲರೂ ಮಾತಾಡಿದ್ದಾರೆ, ನಾನು ಹೊಸದಾಗಿ ಹೇಳಲು ಏನಿಲ್ಲ. ಒಂದೇ. ನಮ್ಮ ಊರಿನಲ್ಲಿ ಅಷ್ಟಮಿಗೋ ನವರಾತ್ರಿಗೋ ತಾಸೆ ಸದ್ದು ಕೇಳಿದರೆ ಮಕ್ಕಳು ಮನೆಯಿಂದ ಓಡಿ ಬರುತ್ತಾರೆ. ಅದೇ ಹೆಜ್ಜೆ ನೋಡಿ ಮೊದಲ ಸಲ ನನಗೆ ಹೆದರಿಕೆ ಆಯಿತು. ಅದು ಸಣ್ಣ ಕೆಲಸ ಅಲ್ಲ.

ಆದರೆ ಆ ಸಿನಿಮಾದಲ್ಲಿ ನನ್ನ ಓಟು ಗೋಪಾಲಕೃಷ್ಣ ದೇಶಪಾಂಡೆಯವರಿಗೆ. ಇನ್ಸ್‌ಪೆಕ್ಟರ್ ಬ್ರಹ್ಮಯ್ಯ. ಸಿನಿಮಾದ ಪೊಲೀಸ್ ಅಂದರೆ ನಮಗೆ ಗೊತ್ತಿರುವುದು ಎರಡೇ ನಮೂನೆ, ಒಂದು ಸಿಂಹ, ಒಂದು ಲಂಚಕೋರ. ಇವನು ಹೆದರಿದ ಪೊಲೀಸ್. ಮೈಮೇಲೆ ಯೂನಿಫಾರಂ ಉಂಟು, ಸೊಂಟದಲ್ಲಿ ಪಿಸ್ತೂಲ್ ಉಂಟು, ಧೈರ್ಯ ಇಲ್ಲ, ಇಲ್ಲ ಅನ್ನುವುದು ಅವನಿಗೂ ಗೊತ್ತುಂಟು. ಸ್ವರ ಗಟ್ಟಿ ಮಾಡಿ ಮಾತು ಶುರು ಮಾಡಿದರೂ ಕೊನೆಗೆ ಬರುವಾಗ ಸ್ವರ ಸಣ್ಣದಾಗಿರುತ್ತದೆ. ಶಿವನ ಕುಣಿತವನ್ನು ಮಕ್ಕಳು ಮೊಬೈಲಿನಲ್ಲಿ ಹಾಕಿ ಅನುಕರಣೆ ಮಾಡುತ್ತಾರೆ. ಬ್ರಹ್ಮಯ್ಯನನ್ನು ಯಾರೂ ಅನುಕರಣೆ ಮಾಡುವುದಿಲ್ಲ. ದಿನಾ ನಾವು ಮಾಡುತ್ತಿರುವುದೇ ಅದನ್ನು, ಇನ್ನು ಬೇರೆ ಯಾಕೆ?

ಈಗ 'ಕಾಂತಾರ'. ಅದರ ಬಗ್ಗೆ ಮಾತಾಡದೆ ನೀವು ನನ್ನನ್ನು ಇಲ್ಲಿಂದ ಬಿಡುವುದಿಲ್ಲ ಅಂತ ಗೊತ್ತುಂಟು.

2022ರ ಸೆಪ್ಟೆಂಬರ್ 30ಕ್ಕೆ ಬಂದದ್ದು. ನಾನು ಎರಡನೇ ವಾರ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮನಿಗೆ 76. ಥಿಯೇಟರಿಗೆ ಬರದೆ ಎಷ್ಟೋ ವರ್ಷ ಆಗಿತ್ತು. ಎಸ್ಕಲೇಟರ್ ಬೇಡ ಎಂದು ಹಟ ಮಾಡಿ ಮೆಟ್ಟಿಲು ಹತ್ತಿ ಬಂದರು. ಸಿನಿಮಾ ಶುರುವಾಗಿ ದೈವದ ಕೋಲ ಬಂದ ಕೂಡಲೇ ಬಗ್ಗಿ ಚಪ್ಪಲಿ ಕಳಚಿ ಸೀಟಿನಡಿಗೆ ತಳ್ಳಿದರು. ಎರಡೂ ಕಾಲು ಮೇಲೆ ಮಾಡಿ ಚಕ್ಕಳಮಕ್ಕಳ ಕೂತರು. ಮಲ್ಟಿಪ್ಲೆಕ್ಸಿನ ಸೀಟಿನಲ್ಲಿ! ನಾನು ಆಚೆ ಈಚೆ ನೋಡಿದೆ. ನಮ್ಮ ಸಾಲಿನಲ್ಲಿ ಇನ್ನೂ ಇಬ್ಬರು ಹಾಗೆಯೇ ಕೂತಿದ್ದರು.

ರಿಷಬ್ ಶೆಟ್ಟಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, 2024ರಲ್ಲಿ ಘೋಷಣೆ ಆಯಿತು. ವಾಸುದೇವ ರಾಯರಿಗೆ ಸಿಕ್ಕಿದ್ದ ಅದೇ ಪ್ರಶಸ್ತಿ. ಕೊನೆಯ ಇಪ್ಪತ್ತು ನಿಮಿಷಕ್ಕೇ ಅದು ಬಂದದ್ದು ಅಂತ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ, ಅಲ್ಲಿ ಆ ಮನುಷ್ಯ ತನ್ನನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ಥಿಯೇಟರಿನಲ್ಲಿ ಪಾಪ್‌ಕಾರ್ನ್ ತಿನ್ನುವ ಸದ್ದೂ ಇರಲಿಲ್ಲ. ಆದರೆ ನನಗೆ ಅಲ್ಲಿಯೂ ಇಷ್ಟ ಆದದ್ದು ಬೊಬ್ಬೆ ನಿಂತ ಮೇಲಿನದ್ದು. ಫಾರೆಸ್ಟ್ ಆಫೀಸರ್ ಕೈ ಹಿಡಿದು, ಊರಿನವರ ಕೈ ಹಿಡಿದು, ಮಾತಿಲ್ಲದೆ ಸೇರಿಸುತ್ತಾನಲ್ಲ, ಅದು. ಆಗ ಆಫೀಸರ್ ಆದ ಕಿಶೋರ್ ಮುಖ ನೋಡಿ ನೀವು. ಅಷ್ಟು ಹೊತ್ತು ಊರಿನವರ ಮೇಲೆ ದರ್ಪ ತೋರಿಸಿದವರು, ಈಗ ತನ್ನ ಕೈ ಎಲ್ಲಿಗೆ ಹೋಗುತ್ತಿದೆ ಅಂತ ಅವರಿಗೇ ಗೊತ್ತಿಲ್ಲ. ಎದುರಿನವನು ಹಾಗೆ ನೋಡದೆ ಇದ್ದಿದ್ದರೆ ರಿಷಬ್‌ರ ಆ ಕುಣಿತ ಅರ್ಧಕ್ಕೆ ಇಳಿಯುತ್ತಿತ್ತು. ಅಜ್ಜಿ ಹೇಳಿದ ಒಡ್ಡೋಲಗದ ಲೆಕ್ಕ.

ಸಿನಿಮಾ ಬಂದ ಮೇಲೆ ಮದುವೆ ಹಾಲಿನಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಎಲ್ಲಿ ನೋಡಿದರೂ ದೈವದ ಆ ಕೂಗು. ದೈವದ ಅನುಕರಣೆ ಮಾಡಬೇಡಿ ಅಂತ ಹೇಳಬೇಕಾಗಿ ಬಂತು. ನನ್ನ ಅಂಗಡಿಗೆ ಬಂದ ಒಬ್ಬ ಹುಡುಗ ಹೆಲ್ಮೆಟ್ ಹಾಕಿಕೊಂಡು ಒಳಗಿನಿಂದ ಕೂಗಿದ, ಎದುರಿನ ಅಂಗಡಿಯ ನಾಯಿ ಎರಡು ದಿನ ಈ ಕಡೆ ಬರಲಿಲ್ಲ.

ಸಿನಿಮಾ ಮುಗಿದು ಹೊರಗೆ ಬಂದ ಮೇಲೆ ಅಮ್ಮ ಕೇಳಿದ್ದು ಹೀರೋ ಬಗ್ಗೆ ಅಲ್ಲ. 'ಆ ತಾಯಿ ಯಾರ ಮನೆಯವಳು?' ಅಂತ. ಇದರಲ್ಲೂ ಹೀರೋ ಹೆಸರು ಶಿವ, ಅವನ ತಾಯಿ ಕಮಲ. ನಟಿ ಅಂತ ಅಮ್ಮನಿಗೆ ಅನಿಸಲೇ ಇಲ್ಲ, ಕೆರಾಡಿ ಕಡೆಯ ಯಾರದೋ ಮನೆಗೆ ಹೋಗಿ ಒಬ್ಬಳನ್ನು ಕರೆದುಕೊಂಡು ಬಂದಿದ್ದಾರೆ ಅಂತ ತಿಳಿದಿದ್ದರು. ಅವರು ಮಾನಸಿ ಸುಧೀರ್, ಇಲ್ಲೇ ಕೊಡವೂರಿನವರು, ಭರತನಾಟ್ಯ ಕಲಿಸುವವರು ಎಂದೆ. ಅಮ್ಮ ನಂಬಲಿಲ್ಲ. ಭರತನಾಟ್ಯದವರು ಬೆನ್ನು ನೆಟ್ಟಗೆ ಇಟ್ಟು ನಡೆಯುತ್ತಾರೆ, ಇವಳು ಹಾಗೆ ಇಲ್ಲ ಎಂದರು. ನೋಡಿ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಎಷ್ಟೋ ವರ್ಷ ಮೈಗೆ ಕಲಿಸಿದ್ದನ್ನು ಆ ಮೈಯಿಂದ ಮರೆಸುವುದು. ಮಗನಿಗೆ ಬೈಯುವುದೇ ಆ ತಾಯಿಯ ಮುಖ್ಯ ಕೆಲಸ. ಆದರೆ ಬೈಗುಳ 'ಈಗ ಬೈಯುವ ಸೀನ್' ಅಂತ ಶುರುವಾಗುವುದಿಲ್ಲ, ಬೆಳಿಗ್ಗೆಯಿಂದಲೇ ಬೈಯುತ್ತ ಇದ್ದರು, ನಮಗೆ ಈಗ ಕೇಳಿತು, ಅಷ್ಟೇ ಎನ್ನುವ ಹಾಗೆ ಉಂಟು.

ಅಚ್ಯುತ್ ಕುಮಾರ್ ಇದರಲ್ಲಿ ಜಮೀನ್ದಾರ. 2014ರಲ್ಲಿ ಮಲ್ಪೆಯ ಬಾಲು, 2022ರಲ್ಲಿ ದೊಡ್ಡ ಮನೆಯ ಯಜಮಾನ. ಎರಡರಲ್ಲೂ ಅದೇ ಮುಖ, ಅದೇ ಸಣ್ಣ ನಗು. ಬಾಲುವಿನಲ್ಲಿ ಆ ನಗು ನೋಡಿದರೆ ಪಾಪ ಅನಿಸುತ್ತದೆ, ಇಲ್ಲಿ ಅದೇ ನಗು ನೋಡಿ ನನಗೆ ಕಿಸೆ ಮುಟ್ಟಿ ನೋಡಿಕೊಳ್ಳುವ ಅನಿಸಿತು.

(ಇಲ್ಲಿ ಸಭೆಯಿಂದ ಒಬ್ಬರು, ಹೀರೋಯಿನ್ ಬಗ್ಗೆ ಯಾಕೆ ಏನೂ ಹೇಳುವುದಿಲ್ಲ ಎಂದು ಕೇಳಿದರು.)

ಒಳ್ಳೇ ಪ್ರಶ್ನೆ, ಸ್ವಲ್ಪ ನಾಚಿಕೆಯೂ ಆಯಿತು. ಕಾಂತಾರದ ಲೀಲಾ ಪಾತ್ರ ತಗೊಳ್ಳಿ. ಸಪ್ತಮಿ ಗೌಡ ಮಾಡಿದ್ದು. ಊರಿನ ಹುಡುಗಿ, ಫಾರೆಸ್ಟ್ ಗಾರ್ಡ್ ಕೆಲಸ ಸಿಕ್ಕಿದೆ. ಆಚೆ ಇಲಾಖೆ, ಈಚೆ ಊರು, ಅವಳ ಸ್ವಂತ ಮನೆಯ ಬೇಲಿಯೇ ಅಳತೆಗೆ ಬರುತ್ತದೆ. ಇಡೀ ಸಿನಿಮಾದಲ್ಲಿ ನಿಜವಾದ ಸಂಕಟ ಇರುವುದು ಅವಳಿಗೆ ಅಲ್ವಾ? ಶಿವನಿಗೆ ಒಂದೇ ಕಡೆ, ಅವಳಿಗೆ ಎರಡು ಕಡೆ. ಆ ಹುಡುಗಿಯ ಮುಖದಲ್ಲಿ ಅದು ಬಂದಿದೆ, ಸಿನಿಮಾಕ್ಕೆ ಅದನ್ನು ನೋಡಲು ಪುರುಸೊತ್ತಿಲ್ಲ. ಪ್ರೀತಿ ಮಾಡಲು, ಕೋಪ ಮಾಡಿಕೊಳ್ಳಲು ಬೇಕಾದಾಗ ಕರೆಯುತ್ತಾರೆ. ನಮ್ಮ ಕಡೆಯ ಈ ಸಿನಿಮಾಗಳಲ್ಲಿ ಹೆಚ್ಚಿನವು ಗಂಡಸರು ಗಂಡಸರ ಜೊತೆ ಮಾಡುವ ಲೆಕ್ಕಾಚಾರ. ಗರುಡ ಗಮನದಲ್ಲಿ ಹೆಂಗಸರನ್ನು ದೀಪ ಹಿಡಿದು ಹುಡುಕಬೇಕು. ಮನೆಯಲ್ಲಿ ಬೈಯುವ ತಾಯಿ ಒಬ್ಬಳು ಇದ್ದರೆ ದೊಡ್ಡದು. ಇಲ್ಲಿ ದಿನಾ ಮೀನು ಮಾರುಕಟ್ಟೆಯಿಂದ ಬ್ಯಾಂಕಿನ ಕೌಂಟರಿನವರೆಗೆ ವ್ಯವಹಾರ ನಡೆಸುವವರು ಹೆಂಗಸರೇ ಅಲ್ವಾ, ಅವರು ಸಿನಿಮಾಕ್ಕೆ ಬರುವಾಗ ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ.

2025ರ ಅಕ್ಟೋಬರಿನಲ್ಲಿ ಕಾಂತಾರದ ಹಿಂದಿನ ಕಥೆ ಬಂತು, 'ಚಾಪ್ಟರ್ 1'. ಭಾರಿ ದೊಡ್ಡದು, ದುಡ್ಡು ಕಾಣುತ್ತದೆ. ರುಕ್ಮಿಣಿ ವಸಂತ್‌ಗೆ ಮಾಡಲು ಕೆಲಸ ಕೊಟ್ಟಿದ್ದಾರೆ, ಅದು ಖುಷಿ. ಆದರೆ ನನಗೆ ಅಷ್ಟು ದೊಡ್ಡ ಸದ್ದಿನ ಮಧ್ಯೆ ಕಮಲಕ್ಕನ ಅಡುಗೆಮನೆ ನೆನಪಾಗುತ್ತಿತ್ತು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಈ ಸಲ ಅರ್ಧದಲ್ಲಿ ಕಿವಿಗೆ ಸೆರಗು ಒತ್ತಿಕೊಂಡು ಕೂತರು.

ಅದಕ್ಕೂ ಸ್ವಲ್ಪ ಮೊದಲು, ಅದೇ ವರ್ಷ ಜುಲೈಯಲ್ಲಿ, 'ಸು ಫ್ರಮ್ ಸೋ'. ಜೆ.ಪಿ. ತೂಮಿನಾಡು ನಿರ್ದೇಶನ. ಸುಲೋಚನಾ, ಸೋಮೇಶ್ವರದವಳು. ಇದರಲ್ಲಿ ಆದದ್ದು ಎಂತ ಗೊತ್ತಾ? ಹಿಂದೆ ನಿಂತವರನ್ನೆಲ್ಲ ಮುಂದೆ ತಂದು ನಿಲ್ಲಿಸಿದರು, ಹೀರೋ ಅಂತ ಒಬ್ಬನನ್ನು ಇಡಲೇ ಇಲ್ಲ. ನನ್ನ ಪ್ಯೂನ್, ನನ್ನ ಭುಜಂಗ, ಪ್ರಕಾಶ್ ತೂಮಿನಾಡು, ಕಾಂತಾರದಲ್ಲಿ ರಾಂಪನಾಗಿ ಶಿವನ ಹಿಂದೆ ತಿರುಗುತ್ತಿದ್ದವರು, ಇಲ್ಲಿ ಚಂದ್ರನಾಗಿ ಧಾರಾಳವಾಗಿ ಕೈಕಾಲು ಬಿಟ್ಟು ಆಡಿದ್ದಾರೆ. ಈ ಮನುಷ್ಯನಿಗೆ ನಾನು ಒಂದು ದಿನ ಕಡದಲ್ಲಿ ಇಡೀ ಇಂಜಿನ್ ಕೊಡಲು ತಯಾರಿದ್ದೇನೆ.

ರವಿಯಣ್ಣನಾಗಿ ಶನಿಲ್ ಗೌತಮ್. ನಿಮ್ಮ ಊರಿನಲ್ಲಿ ರವಿಯಣ್ಣ ಇಲ್ಲವಾ? ನಮ್ಮಲ್ಲಿ ಉಂಟು. ಮದುವೆ ಆಗಿಲ್ಲ, ಎಲ್ಲರ ಮನೆಯ ಮದುವೆಯ ಚಪ್ಪರ ಅವನೇ ನಿಂತು ಹಾಕಿಸುತ್ತಾನೆ. ಯಾರಾದರೂ ತೀರಿಹೋದರೆ ಮೊದಲು ಅವನಿಗೆ ಫೋನು, ಆಮೇಲೆ ಸಂಬಂಧಿಕರಿಗೆ. ಗಲಾಟೆ ಆದರೆ ಅವನು ಬಂದ ಅಂತ ಗೊತ್ತಾದ ಕೂಡಲೇ ಅರ್ಧ ಇಳಿಯುತ್ತದೆ. ಇಂಥವನನ್ನು ಸಿನಿಮಾದಲ್ಲಿ ಮಾಡುವಾಗ ಎಷ್ಟು ಸುಲಭವಾಗಿ ಹೀರೋ ಮಾಡಿಬಿಡಬಹುದಿತ್ತು. ಇವರು ಮಾಡಲಿಲ್ಲ. ದೊಡ್ಡಸ್ತಿಕೆಯೂ ಉಂಟು, ಒಳಗೊಳಗೇ ಒಂದು ಪುಕ್ಕಲೂ ಉಂಟು, ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದಾರೆ. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬರುತ್ತಾರೆ, ನಗು ಬಂತು, ಆದರೆ ಅವರ ಅಯ್ಯೋ ಎರಡು ಕಡೆ ಸ್ವಲ್ಪ ಬೇಗ ಬಂತು ಅಂತ ನನಗೆ ಕಂಡಿತು. ಜನಕ್ಕೆ ಹಾಗೆ ಕಾಣಲಿಲ್ಲ, ಬಿದ್ದು ಬಿದ್ದು ನಕ್ಕರು. ನಾನು ತಪ್ಪಿರಬಹುದು. ಸಂಧ್ಯಾ ಅರಕೆರೆಯವರ ಭಾನು ಮಾತ್ರ ಎಲ್ಲರೂ ನಗಿಸುವ ಸಿನಿಮಾದಲ್ಲಿ ನಗಿಸದೆ ನಿಂತವರು, ಅವರು ಬಂದ ಮೇಲೆ ಆ ನಗುವಿನೊಳಗೆ ಒಂದು ಮುಳ್ಳು ಸಿಕ್ಕಿಕೊಳ್ಳುತ್ತದೆ.

ಅವತ್ತು ಥಿಯೇಟರ್ ತುಂಬಿತ್ತು. ಜ್ಯೋತಿಯಲ್ಲಿ ನಗುತ್ತಿದ್ದ ಹಾಗೆ ನಕ್ಕೆವು. ಒಂದು ವ್ಯತ್ಯಾಸ, ಇವರು ನಮ್ಮ ನಗುವಿಗೆ ಕಾಯಲೇ ಇಲ್ಲ. ಹಾಗಾಗಿ ಅರ್ಧ ಮಾತು ನಗುವಿನಲ್ಲಿ ಮುಳುಗಿತು, ಅದನ್ನು ಕೇಳಲಿಕ್ಕೆ ಅಂತ ನಾನು ಇನ್ನೊಂದು ಸಲ ಟಿಕೆಟ್ ತೆಗೆದೆ. ವ್ಯಾಪಾರದ ದೃಷ್ಟಿಯಿಂದಲೂ ಇದು ಒಳ್ಳೇ ಉಪಾಯ.

ಹೊತ್ತಾಯಿತು ಅಂತ ಕೈಸನ್ನೆ ಮಾಡುತ್ತಿದ್ದಾರೆ. ಒಂದು ಸಣ್ಣದು ಹೇಳಿ ಬಿಡುತ್ತೇನೆ.

ನನ್ನ ಅಂಗಡಿಗೆ ದಿನಾ ಬರುವ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅವನ ಊರಿನ ಹತ್ತಿರ ಒಂದು ಸಿನಿಮಾದ ಶೂಟಿಂಗ್ ಆಯಿತು, ಯಾವುದು ಅಂತ ಬೇಡ. ಜನ ಬೇಕು ಎಂದು ಕರೆದರಂತೆ. ಗ್ಯಾರೇಜ್ ಮುಚ್ಚಿ ಮೂರು ರಾತ್ರಿ ಹೋಗಿ ನಿಂತ. ಊಟ ಕೊಟ್ಟರು, ದುಡ್ಡು ಸ್ವಲ್ಪ ಕೊಟ್ಟರು. ಸಿನಿಮಾ ಬಂದ ದಿನ ಹೆಂಡತಿ, ಮಕ್ಕಳು, ಅತ್ತೆ, ಭಾವ, ಒಟ್ಟು ಒಂಬತ್ತು ಜನರನ್ನು ತನ್ನ ದುಡ್ಡಿನಲ್ಲಿ ಕರೆದುಕೊಂಡು ಹೋದ. ಸಿನಿಮಾ ಮುಗಿದರೂ ಅವನು ಯಾರಿಗೂ ಕಾಣಲಿಲ್ಲ. ಅತ್ತೆ ಬರುವಾಗ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲವಂತೆ.

ಆರು ತಿಂಗಳು ಬಿಟ್ಟು ಅದು ಮೊಬೈಲಿನಲ್ಲಿ ಬಂತು. ಒಂದು ದಿನ ಕೈಗೆ ಹತ್ತಿದ ಗ್ರೀಸ್ ಒರೆಸುತ್ತ ಅಂಗಡಿಗೆ ಬಂದ. ಅಣ್ಣ, ನೋಡಿ ಅಂತ ಕೌಂಟರಿನ ಮೇಲೆ ಮೊಬೈಲ್ ಇಟ್ಟು ಒಂದು ಕಡೆ ನಿಲ್ಲಿಸಿದ. ಮುಂದೆ ಹೀರೋ ಬಾಯಿ ತೆರೆದುಕೊಂಡು ನಿಂತಿದ್ದಾನೆ. ಹಿಂದೆ ಐವತ್ತು ಅರವತ್ತು ಜನ. ಎಡಗಡೆ ಮೂಲೆಯಲ್ಲಿ ಒಂದು ನೀಲಿ ಲುಂಗಿ, ಅದರ ಮೇಲೆ ಅರ್ಧ ಕೈ. ಮುಖ ಇಲ್ಲ.

'ಇದು ನಾನು' ಎಂದ.

ಕನ್ನಡಕ ಹಾಕಿ ಬಗ್ಗಿ ನೋಡಿದೆ. ಸುತ್ತ ಇದ್ದವರಲ್ಲಿ ಕೆಲವರು ಹೀರೋನನ್ನು ಬಿಟ್ಟು ಕ್ಯಾಮೆರಾ ನೋಡುತ್ತಿದ್ದರು, ಒಬ್ಬನಂತೂ ನಗುತ್ತಿದ್ದ. ಈ ಲುಂಗಿ ಮಾತ್ರ ಸರಿಯಾಗಿ ಹೀರೋ ಕಡೆಗೆ ತಿರುಗಿತ್ತು, ಕೈ ಮುಷ್ಟಿ ಕಟ್ಟಿತ್ತು.

'ನಿಂತದ್ದು ಸರಿ ಉಂಟು ಮಾರಾಯ' ಎಂದೆ. ಅವನು ಮೊಬೈಲ್ ಕಿಸೆಗೆ ಹಾಕಿ ಎರಡು ಸ್ಪಾರ್ಕ್ ಪ್ಲಗ್ ತಗೊಂಡ. ಕಡವೇ.